ಓದುಗರ ಪ್ರಶ್ನೆ: ಸೂರ್ಯಕಿರಣ್ ಪ್ಯಾಚ್, ಪೈಲಟ್ ಹಾಕಿದ್ದೋ ಅಂಗಡಿಯದೋ?

ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದವರು ಹಾರುವಾಗ ಹಾಕಿಕೊಳ್ಳುವ ಓವರಾಲ್ ನೋಡಿದ್ದೀರಲ್ಲ. ಅದರ ಎದೆ ಮೇಲೆ, ತೋಳಿನ ಮೇಲೆ ಕಸೂತಿ ಮಾಡಿದ ಬಟ್ಟೆಯ ಲಾಂಛನಗಳಿರುತ್ತವೆ. ಅವೇ ಪ್ಯಾಚ್. ಅವನ್ನು ಕೂಡಿಡುವ ಹುಚ್ಚು ನಮ್ಮ ಓದುಗರಲ್ಲಿ ಇಷ್ಟೊಂದು ಜನಕ್ಕೆ ಇದೆ ಅಂತ ಈ ಸಲದ ಪತ್ರಗಳನ್ನು ನೋಡಿದ ಮೇಲೇ ಗೊತ್ತಾಗಿದ್ದು. ಅರ್ಧಕ್ಕರ್ಧ ಜನರ ಪ್ರಶ್ನೆ ಒಂದೇ: "ಇದು ಅಸಲಿನಾ?" ಅದಕ್ಕೆ ಉದ್ದದ ಉತ್ತರ ಬೇಕು, ಕೊಟ್ಟಿದ್ದೇನೆ. ಉಳಿದವು ಚುಟುಕು.

ನಾನು ಬೀದರ್‌ನವನು, ಡಿಗ್ರಿ ಓದುತ್ತಿದ್ದೇನೆ. ತಂಡ ನಮ್ಮೂರಿನದೇ, ತಲೆ ಮೇಲೇ ಹಾರುತ್ತಾರೆ. ಆದರೂ ನನ್ನ ಹತ್ತಿರ ಒಂದು ಪ್ಯಾಚ್ ಇಲ್ಲ. ವಾಯುನೆಲೆ ಗೇಟಿನ ಹತ್ತಿರ ನಿಂತು ಯಾರನ್ನಾದರೂ ಕೇಳಬಹುದಾ? ಖರ್ಚು ಮಾಡೋಕೆ ಜಾಸ್ತಿ ದುಡ್ಡಿಲ್ಲ.

ಗೇಟಿನ ಹತ್ತಿರ ಮಾತ್ರ ಬೇಡ ಮಾರಾಯರೇ. ಅಲ್ಲಿ ಪಹರೆಯವರಿಗೆ ನೀವು ಪ್ಯಾಚ್ ಪ್ರೇಮಿ ಅಂತ ಹಣೆ ಮೇಲೆ ಬರೆದಿರುವುದಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಬೇಲಿ ಪಕ್ಕ ಸುಳಿದಾಡಿದರೆ ವಿಚಾರಣೆ ಖಂಡಿತ, ಪ್ಯಾಚ್ ಅನುಮಾನ.

1996ರ ಮೇ 27ರಂದು ಬೀದರ್‌ನಲ್ಲೇ ಹುಟ್ಟಿದ ತಂಡ ಇದು. ಈಗ 52ನೇ ಸ್ಕ್ವಾಡ್ರನ್ ಅಂತ ಕರೆಸಿಕೊಳ್ಳುತ್ತದೆ. ಆದರೆ ಪ್ಯಾಚ್ ಸಿಗುವುದು ಅವರ ಮನೆಯಲ್ಲಲ್ಲ, ಅವರು ಪ್ರದರ್ಶನಕ್ಕೆ ಹೋದ ಊರಲ್ಲಿ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ಇದೆ. ಮೈಸೂರು ದಸರಾ ಹೊತ್ತಿಗೆ ಬನ್ನಿಮಂಟಪದ ಮೇಲೂ ಹಾರಿದ್ದಾರೆ. ಇಂಥ ಕಡೆ ಸ್ಮರಣಿಕೆ ಮಾರುವ ಮಳಿಗೆ ಇದ್ದರೆ ಮೊದಲು ಅಲ್ಲಿಂದಲೇ ಒಂದು ಕೊಂಡುಕೊಳ್ಳಿ. "ಅಂಗಡಿಯದು" ಅಂತ ಮೂಗು ಮುರಿಯುವ ಸಂಗ್ರಾಹಕರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅಂಗಡಿಯದನ್ನು ಅಂಗಡಿಯದು ಅಂತಲೇ ಹೇಳಿ ಇಟ್ಟುಕೊಂಡರೆ ಅದರಲ್ಲಿ ತಪ್ಪೇನಿದೆ?

ಇನ್ನೊಂದು ಉಪಾಯ. ಪ್ರದರ್ಶನ ಮುಗಿದ ಮೇಲೆ ಜನ ಎಲ್ಲ ಪೈಲಟ್‌ಗಳ ಸುತ್ತ ಸೆಲ್ಫಿಗೆ ಮುಗಿಬೀಳುತ್ತಾರೆ. ನೀವು ತಂತ್ರಜ್ಞರ ಕಡೆ ಹೋಗಿ. ವಿಮಾನ ಸಜ್ಜು ಮಾಡುವವರು, ಹೊಗೆ ಬರಿಸೋಕೆ ಡೀಸೆಲ್ ತುಂಬಿಸುವವರು. ಅವರೂ ಅದೇ ತಂಡದವರು, ಅವರನ್ನು ಮಾತಾಡಿಸುವವರು ಕಡಿಮೆ. ಮೊದಲು ಅವರ ಕೆಲಸದ ಬಗ್ಗೆ ಕೇಳಿ. ಹೊಗೆ ಹೇಗೆ ಬರುತ್ತದೆ ಅಂತ ಕೇಳಿದರೆ ಖುಷಿಯಾಗಿ ಹೇಳುತ್ತಾರೆ: ಇಂಜಿನ್ನಿನ ಹಿಂದೆ ಬರುವ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿಸುತ್ತಾರೆ, ಅದು ಉರಿಯದೆ ಆವಿಯಾಗಿ ಬಿಳಿ ಗೆರೆ ಆಗುತ್ತದೆ, ಬಣ್ಣ ಬೇಕಾದರೆ ಬಣ್ಣ ಬೆರೆಸುತ್ತಾರೆ. ಮಾತು ಕುದುರಿದ ಮೇಲೆ ಪ್ಯಾಚ್ ವಿಷಯ ತೆಗೆಯಿರಿ. ಹಂಚೋಕೆ ತಂದದ್ದು ಇದ್ದರೆ ಕೊಡುತ್ತಾರೆ, ಇಲ್ಲ ಅಂದರೆ ಇಲ್ಲ. ಒಂದೇ ಒಂದು ನಿಯಮ: ಅವರು ಹಾಕಿಕೊಂಡಿದ್ದನ್ನು ಕಿತ್ತು ಕೊಡಿ ಅಂತ ಕೇಳಬಾರದು. ಅದು ಅವರ ಸಮವಸ್ತ್ರ.

ಆನ್‌ಲೈನ್‌ನಲ್ಲಿ ಒಂದು ಸೂರ್ಯಕಿರಣ್ ಪ್ಯಾಚ್ ಕೊಂಡೆ. "ಪೈಲಟ್ ಹಾಕಿದ್ದು, 100% ಅಸಲಿ, 1996ರದ್ದು" ಅಂತ ಮಾರಿದವರು ಬರೆದಿದ್ದರು. ಬಣ್ಣ ಮಾಸಿದೆ, ಹಿಂದೆ ವೆಲ್ಕ್ರೊ ಇದೆ, ನಡುವೆ ಒಂಬತ್ತು ವಿಮಾನಗಳ ಚಿತ್ರ. ನಿಜ ಇರಬಹುದಾ? — ಬೆಂಗಳೂರಿನ ರಾಜಾಜಿನಗರದಿಂದ

ನೀವೇ ಬರೆದ ಒಂದು ಮಾತಿನಿಂದ ಅರ್ಧ ಉತ್ತರ ಸಿಕ್ಕಿತು. ಒಂಬತ್ತು ವಿಮಾನ! ತಂಡ ಒಂಬತ್ತು ವಿಮಾನದ್ದಾಗಿದ್ದು 1998ರಲ್ಲಿ. 1996ರ ಪ್ಯಾಚಿನ ಮೇಲೆ ಒಂಬತ್ತು ಯಾಕೆ ಬರುತ್ತದೆ? ಹಾಗಾಗಿ ಇಸವಿ ಮಟ್ಟಿಗೆ ಮಾರಿದವರು ಸುಮ್ನೆ ರೀಲು ಬಿಟ್ಟಿದ್ದಾರೆ ಅಂತಲೇ ನನ್ನ ಲೆಕ್ಕ.

ಈಗ ಆ ವಿಮಾನದ ಆಕಾರ ನೋಡಿ, ಭೂತಗನ್ನಡಿ ಇದ್ದರೆ ಒಳ್ಳೆಯದು. ಈ ತಂಡದ ಇತಿಹಾಸ ಎರಡು ತುಂಡು. ಮೊದಲು ಕಿರಣ್ ಮಾರ್ಕ್ 2, ಬೆಂಗಳೂರಿನ ಎಚ್‌ಎಎಲ್‌ನ ವಿಮಾನ. 2011ರ ಏರೋ ಇಂಡಿಯಾ ಮುಗಿದ ಮೇಲೆ ತರಬೇತಿಗೆ ವಿಮಾನ ಸಾಲದೆ ಆ ಕಿರಣ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡರು, ತಂಡ ನಿಂತೇ ಹೋಯಿತು. 2015ರಲ್ಲಿ ಮತ್ತೆ ಶುರುವಾಗಿದ್ದು ಹಾಕ್ ವಿಮಾನದ ಜೊತೆ, ಮೊದಲು ಕೆಲವೇ ವಿಮಾನ, ಒಂಬತ್ತಕ್ಕೆ ಮುಟ್ಟಿದ್ದು ಆಮೇಲೆ. ಕಿರಣ್‌ಗೆ ರೆಕ್ಕೆ ನೇರ, ಮೂಗು ಮೊಂಡ, ಇಬ್ಬರು ಪೈಲಟ್‌ಗಳು ಅಕ್ಕಪಕ್ಕ ಕೂರುವ ಅಗಲದ ತಲೆ. ಹಾಕ್‌ನ ರೆಕ್ಕೆ ಹಿಂದಕ್ಕೆ ಬಾಗಿದೆ, ಮೈ ತೆಳ್ಳಗೆ, ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಬಾಗಿದ ರೆಕ್ಕೆಯ ವಿಮಾನ ಇಟ್ಟುಕೊಂಡು "2000ನೇ ಇಸವಿಯದು" ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಗುರುತು ಸಿಗದಿದ್ದರೆ ಎಚ್‌ಎಎಲ್ ವಿಮಾನ ಸಂಗ್ರಹಾಲಯಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಅಲ್ಲಿ ಕಿರಣ್ ನಿಂತಿದೆ, ಸುತ್ತು ಹಾಕಿ ನೋಡಬಹುದು.

ಕಸೂತಿ ಚೆನ್ನಾಗಿದೆ ಅನ್ನುವುದು ಪುರಾವೆ ಅಲ್ಲ. ಈಗ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್‌ಗೆ ಡಿಸೈನ್ ಕೊಟ್ಟರೆ ಯಾವ ಊರಲ್ಲಾದರೂ ಎಷ್ಟು ಬೇಕಾದರೂ ಹೊಲಿದು ಕೊಡುತ್ತಾರೆ, ಕೆಲವು ಸಲ ನಕಲೇ ಅಸಲಿಗಿಂತ ಅಚ್ಚುಕಟ್ಟಾಗಿರುತ್ತದೆ. ಅದಕ್ಕೇ ನಾನು ಮುಂಭಾಗಕ್ಕಿಂತ ಹಿಂಭಾಗ ಜಾಸ್ತಿ ನೋಡುತ್ತೇನೆ. ಬಟ್ಟೆಗೆ ಹೊಲಿದು ಬಿಚ್ಚಿದ ಪ್ಯಾಚ್ ಆದರೆ ಅಂಚಿನ ಸುತ್ತ ಸೂಜಿ ತೂತುಗಳ ಸಾಲು ಇರಲೇಬೇಕು, ಅಲ್ಲಲ್ಲಿ ಬೇರೆ ಬಣ್ಣದ ದಾರದ ಚೂರು ಸಿಕ್ಕಿಕೊಂಡಿರುತ್ತದೆ. ಅಂಚಿನ ದಪ್ಪ ಓವರ್‌ಲಾಕ್ ಹೊಲಿಗೆ ಎಲ್ಲಿ ಮುಗಿಯುತ್ತದೋ ಅಲ್ಲಿ ದಾರದ ಒಂದು ಸಣ್ಣ ಬಾಲ ಉಳಿಯುತ್ತದೆ, ಅದನ್ನು ಹಿಂದಕ್ಕೆ ಮಡಿಚಿ ಅಂಟಿಸಿರುತ್ತಾರೆ. ಅಂಚನ್ನು ಬಿಸಿಯಿಂದ ಕತ್ತರಿಸಿದ್ದರೆ ಆ ಬಾಲ ಇರುವುದಿಲ್ಲ. ಯಾವುದು ಸರಿ ಯಾವುದು ತಪ್ಪು ಅಂತಲ್ಲ. ಒಂದೇ ಕಾಲದ, ಮೂಲ ಗೊತ್ತಿರುವ ಇನ್ನೊಂದು ಪ್ಯಾಚ್ ಪಕ್ಕ ಇಟ್ಟು ಹೋಲಿಸೋಕೆ ಇವು ಬೇಕು.

ವೆಲ್ಕ್ರೊ ಬಗ್ಗೆ: ಪದೇ ಪದೇ ತೆಗೆದು ಹಾಕಿದ ವೆಲ್ಕ್ರೊ ಕೊಕ್ಕೆಗಳಲ್ಲಿ ಬಟ್ಟೆಯ ನಾರು, ಧೂಳು, ಕೂದಲು ಸೇರಿಕೊಂಡು ಗಲೀಜಾಗಿರುತ್ತದೆ. ಮುಂದೆ ಹತ್ತು ವರ್ಷ ಹಳೆಯ ಮುಖ, ಹಿಂದೆ ನಿನ್ನೆ ಅಂಗಡಿಯಿಂದ ತಂದ ಹಾಗಿರುವ ವೆಲ್ಕ್ರೊ ಆದರೆ ಅನುಮಾನ ಪಡಿ. ಕೊನೆಯದು ಮಾಸಿದ ಬಣ್ಣ. ಬಿಸಿಲಿಗೆ ಮಾಸುವುದು ಮುಂಭಾಗ ಮಾತ್ರ. ಹಿಂದೆ ತಿರುಗಿಸಿದರೆ ಅದೇ ದಾರ ಇನ್ನೂ ಗಾಢವಾಗಿ ಕಾಣಬೇಕು. ಎರಡೂ ಬದಿ ಒಂದೇ ಸಮ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಆಕಾಶದಲ್ಲಿ ಹಾರಿಲ್ಲ, ಟೀ ಡಿಕಾಕ್ಷನ್‌ನಲ್ಲಿ ಮುಳುಗಿದೆ.

ಇಷ್ಟೆಲ್ಲ ಸರಿ ಬಂದರೂ "ಪೈಲಟ್ ಹಾಕಿದ್ದು" ಅನ್ನುವುದು ಸಾಬೀತಾಗುವುದಿಲ್ಲ. ಯಾವ ಪೈಲಟ್, ಯಾವ ವರ್ಷ, ಅವರಿಂದ ಮಾರಿದವರ ಕೈಗೆ ಹೇಗೆ ಬಂತು ಅಂತ ಕೇಳಿ. ಪ್ಯಾಚಿನ ಜೊತೆ ಆ ಕಥೆಯೂ ಬರೆಹದಲ್ಲಿ ಬರಬೇಕು. ಬರಲಿಲ್ಲ ಅಂದರೆ ಸ್ಮರಣಿಕೆ ಬೆಲೆ ಕೊಡಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ.

ನಮ್ಮ ಸೋದರಮಾವ ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದರು, ಈಗ ಎಂಬತ್ತರ ಹತ್ತಿರ. ಅವರ ಕಬ್ಬಿಣದ ಟ್ರಂಕಿನಲ್ಲಿ "ಥಂಡರ್‌ಬೋಲ್ಟ್ಸ್" ಅಂತ ಬರೆದ ಪ್ಯಾಚ್ ಸಿಕ್ಕಿತು. ಅಮೆರಿಕದ್ದಾ? — ಹಾಸನ

ಅಲ್ಲ, ನಮ್ಮದೇ. ಸೂರ್ಯಕಿರಣ್‌ಗೂ ಮೊದಲು ನಮ್ಮ ವಾಯುಪಡೆಗೆ ಥಂಡರ್‌ಬೋಲ್ಟ್ಸ್ ಅನ್ನುವ ತಂಡ ಇತ್ತು. 1982ರಲ್ಲಿ, ವಾಯುಪಡೆಗೆ ಐವತ್ತು ತುಂಬಿದ ವರ್ಷ, 20ನೇ ಸ್ಕ್ವಾಡ್ರನ್‌ನಿಂದ ಕಟ್ಟಿದ್ದು. ವಿಮಾನ ಹಂಟರ್, ಬಣ್ಣ ನೀಲಿ-ಬಿಳಿ. ಆ ದಶಕ ಮುಗಿಯುವ ಹೊತ್ತಿಗೆ ತಂಡವೂ ಮುಗಿಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ಯಾಚ್ ಟ್ರಂಕಿನಲ್ಲೇ ಇರಲಿ ಅಂತ ಬಿಟ್ಟು ಮೊದಲು ಮಾವನ ಹತ್ತಿರ ಕೂರುತ್ತಿದ್ದೆ. ಯಾವ ನೆಲೆಯಲ್ಲಿದ್ದರು, ಇದು ಯಾರು ಕೊಟ್ಟರು, ಅವರೇ ಹಾಕಿಕೊಳ್ಳುತ್ತಿದ್ದರಾ, ಯಾವ ಬಟ್ಟೆ ಮೇಲೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಒಂದು ಹಾಳೆಯಲ್ಲಿ ಬರೆದು ಮಾವನ ಸಹಿ ಹಾಕಿಸಿ. ಆ ಹಾಳೆ ಇರುವ ಪ್ಯಾಚಿಗೂ ಇಲ್ಲದ ಪ್ಯಾಚಿಗೂ ಅಜಗಜಾಂತರ.

ಯಾರೋ ಯುವಿ ಟಾರ್ಚ್ ಹಾಕಿ ಹಳೆಯದು ಅಂತ ಪತ್ತೆ ಮಾಡಬಹುದು ಅಂದರಂತೆ ಅಂತಲೂ ಬರೆದಿದ್ದೀರಿ. ಇತ್ತೀಚಿನ ಬಿಳಿ ಪಾಲಿಯೆಸ್ಟರ್ ದಾರ ಆ ಬೆಳಕಿಗೆ ಫಳಫಳ ಹೊಳೆಯುತ್ತದೆ ನಿಜ. ಆದರೆ ಹಳೆಯ ಪ್ಯಾಚನ್ನು ಯಾರೋ ಒಂದು ಸಲ ಸೋಪಿನ ಪುಡಿ ಹಾಕಿ ಒಗೆದಿದ್ದರೂ ಹೊಳೆಯುತ್ತದೆ, ಯಾಕಂದರೆ ಆ ಪುಡಿಯಲ್ಲೂ ಬಿಳುಪು ತೋರಿಸುವ ರಾಸಾಯನಿಕ ಇರುತ್ತದೆ. ಹೊಳೆಯದಿದ್ದರೆ ಒಳ್ಳೆಯ ಸೂಚನೆ, ಅಷ್ಟೇ.

ಮಂಗಳೂರಿನ ಮಳೆಗೆ ಪ್ಯಾಚ್‌ಗಳಿಗೆ ಬೂಸು ಹಿಡಿಯುತ್ತಿದೆ. ಪ್ಲಾಸ್ಟಿಕ್ ಆಲ್ಬಂನಲ್ಲಿ ಹಾಕಿ, ಅಲಮಾರಿಯಲ್ಲಿ ನುಸಿಗುಳಿಗೆ ಜೊತೆ ಇಟ್ಟಿದ್ದೇನೆ. ಅಮ್ಮ ಬೇರೆ "ಒಗೆದು ಇಸ್ತ್ರಿ ಮಾಡಿ ಇಡು" ಅನ್ನುತ್ತಾರೆ.

ಅಮ್ಮನಿಗೆ ನಮಸ್ಕಾರ ಹೇಳಿ, ಆದರೆ ಒಗೆಯೋದು ಬೇಡ. ಸೂರ್ಯಕಿರಣ್ ಬಣ್ಣವೇ ಕೆಂಪು-ಬಿಳಿ. ಕೆಂಪು ದಾರ ಬಣ್ಣ ಬಿಟ್ಟರೆ ಪಕ್ಕದ ಬಿಳಿ ಗುಲಾಬಿಯಾಗುತ್ತದೆ, ಅದನ್ನು ಯಾರೂ ಸರಿ ಮಾಡಲಾರರು. ಇಸ್ತ್ರಿ ಇನ್ನೂ ಕೆಟ್ಟದ್ದು. ಹಿಂದೆ ಅಂಟು ಇದ್ದರೆ ಕರಗಿ ಮುಂದಕ್ಕೆ ಬರುತ್ತದೆ, ಕಸೂತಿಯ ಉಬ್ಬು ಚಪ್ಪಟೆಯಾಗುತ್ತದೆ.

ಮಳೆ ಬಿಟ್ಟ ದಿನ ನೆರಳಲ್ಲಿ ಗಾಳಿಗೆ ಹರಡಿ, ಬಿಸಿಲಿಗೆ ಬೇಡ. ಬೂಸು ಒಣಗಿದ ಮೇಲೆ ಮೆತ್ತನೆ ಬ್ರಶ್‌ನಿಂದ ಮನೆ ಹೊರಗೆ ನಿಂತು ಮೆಲ್ಲಗೆ ಉದುರಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಲ್ಬಂ ಹಾಳೆ ಮೂಸಿ ನೋಡಿ: ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ, ಕಾಲಕ್ರಮೇಣ ಜಿಗುಟು ಬಿಟ್ಟು ದಾರಕ್ಕೆ ಮೆತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹಾಳೆ ಕೇಳಿ ತನ್ನಿ. ಅದೂ ಪೂರ್ತಿ ಮುಚ್ಚಬೇಡಿ, ಗಾಳಿ ಆಡಲಿ. ನುಸಿಗುಳಿಗೆ ತೆಗೆಯಿರಿ, ಅದರ ಆವಿಗೆ ರಬ್ಬರಿನಂಥ ಪ್ಯಾಚ್‌ಗಳು ಮೆತ್ತಗಾಗುತ್ತವೆ. ಬದಲಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಂಗಳೂರಿನಲ್ಲಿ ಅದು ಬೇಗ ಸೋಲುತ್ತದೆ, ಮಳೆಗಾಲದಲ್ಲಿ ಬದಲಾಯಿಸುತ್ತಲೇ ಇರಬೇಕು. ಗುಂಡುಸೂಜಿ ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಗೋಂದು ಅಂತೂ ಬೇಡವೇ ಬೇಡ.

ನನ್ನ ಇಷ್ಟದ ವಿಧಾನ ಹಳೇ ಕಾಲದ್ದು: ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆ ಮೇಲೆ ಪ್ಯಾಚ್ ಇಟ್ಟು, ಅಂಚಿನಲ್ಲಿ ನಾಲ್ಕು ಸಡಿಲ ಹೊಲಿಗೆ. ಸುರುಳಿ ಸುತ್ತಿ ಇಡಬಹುದು. ವೆಲ್ಕ್ರೊ ಇರುವ ಪ್ಯಾಚ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಕೊಕ್ಕೆ ಕೆಳಗಿನದರ ಕಸೂತಿಯನ್ನು ಹರಿದು ಹಾಕುತ್ತದೆ. ನಡುವೆ ಬಟ್ಟೆ ಹಾಕಿ.

ಕಾಲೇಜ್ ಫೆಸ್ಟ್‌ಗೆ ಜಾಕೆಟ್ ಮೇಲೆ ಸೂರ್ಯಕಿರಣ್ ಪ್ಯಾಚ್ ಹೊಲಿಸಿಕೊಂಡು ಹೋದರೆ ಪೊಲೀಸ್ ಹಿಡಿಯುತ್ತಾರಾ? — ದಾವಣಗೆರೆ

ಸೈನಿಕ, ನಾವಿಕ, ವಾಯುಯೋಧ ಅಲ್ಲದವರು ಅವರ ಉಡುಪನ್ನೋ ಗುರುತನ್ನೋ ಹೋಲುವುದನ್ನು "ನಾನೂ ಅವರಲ್ಲೊಬ್ಬ" ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ ಹಾಕಿಕೊಂಡರೆ ಅಪರಾಧ. ಮೊದಲು ಇದು ದಂಡ ಸಂಹಿತೆಯ 140ನೇ ಕಲಂ ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 168. ಮೂರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಇಲ್ಲಿ ಮುಖ್ಯವಾದದ್ದು ಉದ್ದೇಶ. ಡೆನಿಮ್ ಜಾಕೆಟ್ ಮೇಲೆ ಸ್ಮರಣಿಕೆ ಪ್ಯಾಚ್ ಹಾಕಿಕೊಂಡ ಹುಡುಗನನ್ನು ಯಾರೂ ಪೈಲಟ್ ಅಂದುಕೊಳ್ಳುವುದಿಲ್ಲ. ಆದರೆ ಹಾರಾಟದ ಓವರಾಲ್, ಎದೆಗೆ ರೆಕ್ಕೆ ಬ್ಯಾಡ್ಜ್, ಹೆಸರಿನ ಪಟ್ಟಿ, ಹೆಗಲಿಗೆ ರ‍್ಯಾಂಕ್, ಇಷ್ಟೂ ಹಾಕಿಕೊಂಡು ಹೊರಟರೆ ಅದು ಫ್ಯಾಷನ್ ಅಲ್ಲ. ರೆಕ್ಕೆ ಬ್ಯಾಡ್ಜ್ ಅಂತೂ ಪರೀಕ್ಷೆ ಪಾಸಾಗಿ ಗಳಿಸಿದವರದು. ಕಾನೂನು ಬಿಡಿ, ಅವರೆದುರು ನಿಲ್ಲೋಕೆ ನಿಮಗೇ ನಾಚಿಕೆ ಆಗಬೇಕು ಅಲ್ವಾ?

2019ರ ಏರೋ ಇಂಡಿಯಾ ಅಪಘಾತದ ವಿಮಾನದಿಂದ ಸಿಕ್ಕಿದ ಪ್ಯಾಚ್ ಅಂತ ಒಬ್ಬರು ಮಾರೋಕೆ ಬಂದಿದ್ದಾರೆ. ಬೆಲೆ ತುಂಬಾ ಹೇಳುತ್ತಿದ್ದಾರೆ. ತೆಗೆದುಕೊಳ್ಳಲಾ? — ತುಮಕೂರು

ಬೇಡ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಅಭ್ಯಾಸದ ವೇಳೆ ಎರಡು ಹಾಕ್ ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಹೊರಗೆ ಹಾರಿ ಉಳಿದರು. ಅಪಘಾತದ ಜಾಗದಲ್ಲಿ ಬಿದ್ದ ಪ್ರತಿ ಚೂರೂ ತನಿಖೆಗೆ ಸೇರಿದ್ದು. ಮಾರುವವರ ಮಾತು ಸುಳ್ಳಾದರೆ ಅದು ಮೋಸ, ನಿಜವಾದರೆ ಅದು ಕಳವು. ಎರಡರಲ್ಲಿ ಯಾವುದಕ್ಕೂ ನಿಮ್ಮ ದುಡ್ಡು ಹೋಗಬಾರದು.

ಇದೇ ಮಾತು ನೌಕಾಪಡೆಯ ಸಾಗರ್ ಪವನ್ ಪ್ಯಾಚ್ ಬಗ್ಗೆ ಕೇಳಿದ ಕಾರವಾರದ ಓದುಗರಿಗೂ. ಅದೂ ಕಿರಣ್ ವಿಮಾನದ ತಂಡವೇ. 2010ರ ಮಾರ್ಚ್‌ನಲ್ಲಿ ಹೈದರಾಬಾದ್‌ನ ಬೇಗಂಪೇಟೆಯಲ್ಲಿ ಒಂದು ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಆ ತಂಡ ಬದುಕಿದ್ದು ಕೆಲವೇ ವರ್ಷ, ಹಾಗಾಗಿ ಪ್ಯಾಚ್ ಅಪರೂಪ. ಸೇವೆಯಲ್ಲಿದ್ದವರಿಂದ ನೇರವಾಗಿ ಬಂದಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ. ಆದರೆ "ಅಪಘಾತ" ಅನ್ನುವ ಮಾತು ಸೇರಿಸಿ ಬೆಲೆ ಏರಿಸುವವರ ಹತ್ತಿರ ವ್ಯಾಪಾರವೇ ಬೇಡ.

ನಾನು ಇಂಗ್ಲೆಂಡಿನ ಲಿಂಕನ್‌ನಲ್ಲಿದ್ದೇನೆ, ಶಿವಮೊಗ್ಗದವಳು. ಇಲ್ಲಿ ಬ್ರಿಟಿಷ್ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್‌ನ ಪ್ಯಾಚ್ ಎಲ್ಲೆಲ್ಲೂ ಸಿಗುತ್ತದೆ. ತಮ್ಮನಿಗೆ ಯಾವುದು ಕಳಿಸಲಿ?

ಅದೃಷ್ಟವಂತರು ನೀವು, ತಂಡ ನಿಮ್ಮ ಪಕ್ಕದಲ್ಲೇ ಇದೆ. ಮೊದಲು ಸ್ಕ್ಯಾಂಪ್ಟನ್‌ನಲ್ಲಿತ್ತು, 2022ರಲ್ಲಿ ವಾಡಿಂಗ್ಟನ್‌ಗೆ ಬಂತು. ಅವರ ಲಾಂಛನದಲ್ಲಿ ವಜ್ರಾಕಾರದಲ್ಲಿ ಹಾರುವ ಒಂಬತ್ತು ವಿಮಾನ, ಕೆಳಗೆ "ಎಕ್ಲಾ" ಅನ್ನುವ ಧ್ಯೇಯವಾಕ್ಯ. ಅಲ್ಲಿ ಉಡುಪಿನ ಬಣ್ಣಕ್ಕೂ ಲೆಕ್ಕ ಇದೆ. ಚಳಿಗಾಲದ ಅಭ್ಯಾಸದಲ್ಲಿ ಪೈಲಟ್‌ಗಳೂ ಹಸಿರು ಓವರಾಲ್‌ನಲ್ಲೇ ಇರುತ್ತಾರೆ, ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಸಿಕ್ಕ ಮೇಲೇ ಕೆಂಪು ಹಾಕುವುದು. ನೆಲದ ಮೇಲೆ ದುಡಿಯುವವರಿಗೆ ನೀಲಿ, ಅವರನ್ನು "ಬ್ಲೂಸ್" ಅಂತಲೇ ಕರೆಯುತ್ತಾರೆ. ಅವರಲ್ಲೇ ಆಯ್ದ ಕೆಲವರು ಹಿಂದಿನ ಸೀಟಿನಲ್ಲಿ ಕೂತು ವಿಮಾನದ ಜೊತೆ ಊರೂರು ಹೋಗುತ್ತಾರೆ, ಆ ಗುಂಪಿನ ಹೆಸರು "ಸರ್ಕಸ್".

ಪೈಲಟ್ ಪ್ಯಾಚ್ ಎಲ್ಲರೂ ಕಳಿಸುತ್ತಾರೆ. ಬ್ಲೂಸ್ ಅಥವಾ ಸರ್ಕಸ್‌ನವರದು ಸಿಕ್ಕರೆ ಅದನ್ನು ಕಳಿಸಿ, ತಮ್ಮ ಕುಣಿಯುತ್ತಾನೆ. ಜುಲೈಯಲ್ಲಿ ಫೇರ್‌ಫರ್ಡ್‌ನ ಏರ್ ಟ್ಯಾಟೂ ಮೇಳಕ್ಕೆ ಹೋಗೋಕೆ ಆದರೆ ಹೋಗಿ, ಬೇರೆ ಬೇರೆ ದೇಶದವರು ಅಲ್ಲೇ ಪ್ಯಾಚ್ ಮಾರುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ. ಊರಿಂದ ಬರುವಾಗ ತಮ್ಮ ನಾಲ್ಕು ಸೂರ್ಯಕಿರಣ್ ಸ್ಮರಣಿಕೆ ಪ್ಯಾಚ್ ಕೊಟ್ಟು ಕಳಿಸಲಿ. ಅಲ್ಲಿ ಅದು ಅಪರೂಪ, ಒಳ್ಳೆಯ ಬದಲಿ ಸಿಗುತ್ತದೆ.

ಸರ್, ನಾನು ಎಂಟನೇ ಕ್ಲಾಸ್, ಶಿರಸಿ. ಜಗತ್ತಿನ ಎಲ್ಲ ತಂಡದ ಪ್ಯಾಚ್ ಕೂಡಿಸಬೇಕು ಅಂತ ಆಸೆ. ಆಗುತ್ತಾ?

ಆಸೆ ಇರಲಿ ಪುಟ್ಟ, ಆದರೆ ಈಗಲೇ ಜಗತ್ತಿಗೆ ಕೈ ಹಾಕಬೇಡ. ಇಟಲಿಯ ಫ್ರೆಚ್ಚೆ ತ್ರಿಕೊಲೋರಿ, ಜಪಾನಿನ ಬ್ಲೂ ಇಂಪಲ್ಸ್, ಕೆನಡಾದ ಸ್ನೋಬರ್ಡ್ಸ್, ಅಮೆರಿಕದ ಬ್ಲೂ ಏಂಜೆಲ್ಸ್, ಥಂಡರ್‌ಬರ್ಡ್ಸ್... ಪಟ್ಟಿ ಮುಗಿಯುವುದಿಲ್ಲ, ಅಪ್ಪನ ಜೇಬು ಮುಗಿಯುತ್ತದೆ. ನಮ್ಮ ರಾಜ್ಯಕ್ಕೆ ನಂಟು ಇರುವ ಎರಡು ತಂಡದಿಂದ ಶುರು ಮಾಡು. ಬೀದರ್‌ನ ಸೂರ್ಯಕಿರಣ್ ಒಂದು. ಇನ್ನೊಂದು ಸಾರಂಗ್, ಹೆಲಿಕಾಪ್ಟರ್ ತಂಡ. ಈಗ ತಮಿಳುನಾಡಿನ ಸೂಲೂರಿನಲ್ಲಿದೆ, ಆದರೆ ಕಟ್ಟಿದ್ದು ಬೆಂಗಳೂರಿನಲ್ಲಿ, 2003ರಲ್ಲಿ. ಹೆಲಿಕಾಪ್ಟರ್ ಧ್ರುವ್, ಅದೂ ಎಚ್‌ಎಎಲ್‌ನದೇ. ಮೈಮೇಲೆ ನವಿಲಿನ ಚಿತ್ರ ಇರುತ್ತದೆ, ನೋಡಿದ್ದೀಯಲ್ಲ.

ಪ್ರತಿ ಪ್ಯಾಚಿನ ಜೊತೆ ಒಂದು ಚೀಟಿ ಇಡು. ಯಾವಾಗ, ಎಲ್ಲಿ, ಯಾರಿಂದ, ಕೊಂಡದ್ದಾ ಕೊಟ್ಟದ್ದಾ, ಎಷ್ಟು ರೂಪಾಯಿ. ಪೆನ್ಸಿಲ್‌ನಲ್ಲಿ ಬರಿ, ಇಂಕ್ ತೇವಕ್ಕೆ ಹರಡುತ್ತದೆ.

ಸಾರಂಗ್ ಮೊದಲ ಸಲ ಜನರೆದುರು ಹಾರಿದ್ದು 2004ರ ಫೆಬ್ರವರಿಯಲ್ಲಿ, ಸಿಂಗಪುರದಲ್ಲಿ. ಆ ಸಲ ತಂಡದ ಜೊತೆ ಹೋಗಿದ್ದವರು, ಅವರ ಮನೆಯವರು ಯಾರಾದರೂ ಈ ಅಂಕಣ ಓದುತ್ತಿದ್ದರೆ, ಆಗಿನ ಪ್ಯಾಚ್ ಇದ್ದರೆ ಫೋಟೋ ಕಳಿಸಿ. ಮುಂದಿನದೂ ಹಿಂದಿನದೂ, ಎರಡೂ ಬದಿ ಬೇಕು.